ಒಂಬತ್ತು ದಿನ ನುಂಗಿದ ಹೆಬ್ಬೆಟ್ಟು

ಬೆಳಗಿನ ಐದೂವರೆ. ಕಿಟಕಿಯಿಲ್ಲದ ಶೆಡ್ಡಿನೊಳಗೆ ಪಂಪಕ್ಕ ತೊಟ್ಟಿಯ ಗಾಳಿ ಹೀರುತ್ತ ಗುಂಯ್‌ಗುಡುವ ಪಂಪಿನ ಮೇಲೆ ಅಂಗೈಯಿಟ್ಟು ನಿಲ್ಲುತ್ತಾರೆ, ಈಯಲಿರುವ ಹಸುವಿನ ಹೊಟ್ಟೆ ಮುಟ್ಟಿ ನೋಡುವವರ ಹಾಗೆ. ಬಿಸಿ ಹೆಚ್ಚಿಲ್ಲ. ಆಮೇಲೆ ಲಾರಿಯುದ್ದದ ಉಕ್ಕಿನ ತೊಟ್ಟಿಯ ಗಾಜಿಗೆ ಕಣ್ಣಿಡುತ್ತಾರೆ. ಒಳಗೆ ಗಾಳಿಯೇ ಇಲ್ಲದ ಕತ್ತಲಲ್ಲಿ, ಊಟದ ತಟ್ಟೆಯಗಲದ ಎಂಜಿನ್ ನೀಲಿಯಾಗಿ ಉರಿಯುತ್ತಿದೆ. ಪುಸ್ತಕದಲ್ಲಿ ಬರೆಯುತ್ತಾರೆ: ೯,೬೪೦ ಗಂಟೆ.

ಇದು ಗಗನನೌಕೆಯನ್ನು ವಿದ್ಯುತ್ತಿನಿಂದ ತಳ್ಳುವ ಎಂಜಿನ್. ಇದರ ಬಲ ಅಂಗೈ ಮೇಲಿಟ್ಟ ನಾಲ್ಕು ಹಾಳೆ ಕಾಗದದ ಭಾರದಷ್ಟು. ಆದರೆ ಮಾಮೂಲಿ ಎಂಜಿನ್ ಹತ್ತು ಪಾಲು ಇಂಧನ ಸುಡುವ ಕಡೆ ಇದಕ್ಕೆ ಒಂದು ಪಾಲು ಅನಿಲ ಸಾಕು. ತಿಂಗಳುಗಟ್ಟಲೆ ಉರಿಯಬೇಕು, ಅಷ್ಟೇ. ಹತ್ತು ಸಾವಿರ ಗಂಟೆ ಉರಿದು ತೋರಿಸದಿದ್ದರೆ ಯಾವ ನೌಕೆಗೂ ಇದನ್ನು ಕಟ್ಟುವುದಿಲ್ಲ.

ಅಷ್ಟು ಉರಿಯಲು ಇನ್ನು ಸಾಧ್ಯವಿಲ್ಲ. ಶೆಡ್ಡು ಬೇರೆ ಕೆಲಸಕ್ಕೆ ಹೋಗಿದೆ. ಆರು ದಿನದಲ್ಲಿ ತೆರವು. ಇನ್ನಷ್ಟು ದಿನ ಕೇಳಿದ ಪತ್ರ ಎರಡು ಸಲ ವಾಪಸು ಬಂದಿದೆ. ಕೊರತೆ ೨೧೬ ಗಂಟೆ, ಸರಿಯಾಗಿ ಒಂಬತ್ತು ದಿನ.

ಆ ಒಂಬತ್ತು ದಿನ ಎಲ್ಲಿ ಹೋದವೆಂದು ಪಂಪಕ್ಕನಿಗೆ ಗೊತ್ತು. "ಶುರುವಲ್ಲಿ ತೊಟ್ಟಿಯೊಳಗೆ ಒರೆಸ್ತಾ ಇದ್ದೆ. ಸೆಕೆ. ಗವಸು ಹಾಕಿದ ಕೈಯಲ್ಲೇ ಹಣೆ ಒರೆಸ್ಕೊಂಡು, ಮರೆತು ಹೆಬ್ಬೆಟ್ಟೂರಿ ತೊಟ್ಟಿಯ ಗೋಡೆ ಹಿಡಿದುಬಿಟ್ಟೆ." ಆ ಹೆಬ್ಬೆಟ್ಟಿನ ಜಿಡ್ಡು ಆವಿಯಾಗಿ ಒಸರುತ್ತಲೇ ಇತ್ತು, ಒತ್ತಡದ ಮುಳ್ಳು ಇಳಿಯಲೇ ಇಲ್ಲ. ಮತ್ತೆ ಬಾಗಿಲು ತೆಗೆದು, ತೊಳೆದು, ಕಾಯಿಸಿ, ಗಾಳಿ ಹೀರಿಸಲು ಒಂಬತ್ತು ದಿನ.

ಐಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಎಡಗಿವಿ ಮಂದವಾಗಿದೆ. "ನಂಗೆ ಜ್ವರ ಬಂದ್ರೆ ಹಣೆ ಮುಟ್ಟೋಳಲ್ಲ, ಪಂಪನ್ನ ಮಾತ್ರ ದಿನಾ ಮುಟ್ಟಿ ನೋಡ್ತಾಳೆ" ಎನ್ನುತ್ತಿದ್ದ ದರ್ಜಿ ಗಂಡ ಈಗ ಆ ತಮಾಷೆ ಬಿಟ್ಟಿದ್ದಾರೆ. ಹೆಂಡತಿ ಎರಡು ತುತ್ತು ಉಂಡು ತಟ್ಟೆ ಸರಿಸುತ್ತಾರೆ.

"ಯಾರ ಕೈಯಾದ್ರೂ ತಪ್ಪುತ್ತೆ, ಬಿಡಿ ಅಕ್ಕ" ಎಂದು ಎಂಜಿನಿಯರ್ ಹುಡುಗಿ ಸಮಾಧಾನ ಹೇಳುತ್ತಾಳೆ. ಹೇಳುವವಳ ಕಣ್ಣೇ ಕೆಂಪಗಿದೆ.

ಪಂಪಕ್ಕ ಗಾಜಿನಿಂದ ಮುಖ ತಿರುಗಿಸದೆ ಹೇಳುತ್ತಾರೆ: "ಪರೀಕ್ಷೆ ಪೂರ್ತಿಯಾಗ್ಲಿಲ್ಲ ಅಂತಷ್ಟೇ ವರದೀಲಿ ಬರೆದ್ರೆ, ಓದಿದೋರು ಎಂಜಿನ್ನೇ ಕೆಟ್ಟಿತು ಅಂದ್ಕೋತಾರೆ. ಇದು ಒಂದು ಗಂಟೆನೂ ತಪ್ಪಿಲ್ಲ, ತಪ್ಪಿದ್ದು ಪಂಪಕ್ಕನ ಕೈ ಅಂತ ಒಂದು ಸಾಲು ಹಾಕ್ಲಿ. ಇಷ್ಟು ವರ್ಷದ ವರದೀಲಿ ನಾನೆಲ್ಲೂ ಇಲ್ಲ. ಇದೊಂದ್ರಲ್ಲಿ ಇರ್ತೀನಿ."