ಹುಸೇನಸಾಬರ ಒಂದು ಕೊಡ ನೀರು

ಹುಸೇನಸಾಬ ಮೇಸ್ತ್ರಿಗಳು ಯಾವ ದಾರಿಯನ್ನೂ ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ಒಂದು ಕೊಡ ನೀರು ತರಿಸಿ, ದಾರಿಯ ನಟ್ಟನಡುವೆ ಸುರಿದು, ಲುಂಗಿ ಮೇಲೆತ್ತಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ನೀರು ಎರಡೂ ಬದಿಗೆ ಹರಿದುಹೋದರೆ ಒಂದು ಬೀಡಿ ಹಚ್ಚುವರು. ಹರಿಯದಿದ್ದರೆ ಆ ಜಾಗ ಮತ್ತೆ ಅಗೆಯಬೇಕು. ಅವರೊಡನೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ, ನಾನಂತೂ ಸೋತು ಸುಣ್ಣವಾದವನು.

ಯಡ್ರಾಮಿ ಕಡೆಯ ಮನುಷ್ಯ. ರಸ್ತೆ ಕೆಲಸದಲ್ಲೇ ತಲೆ ನರೆತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರನ್ನು ಹುಡುಕಿಕೊಂಡು ಹೋದೆ. ಜೇವರ್ಗಿ ತಾಲೂಕಿನ ನಮ್ಮ ಎರೆಹೊಲದಲ್ಲೇ ನಮ್ಮ ಮನೆ. ಡಾಂಬರು ರಸ್ತೆಗೆ ಎರಡು ಫರ್ಲಾಂಗು. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ನೀಲಮ್ಮನಿಗೆ ಹೆರಿಗೆ ಬೇನೆ ಶುರುವಾದಾಗ ಅಷ್ಟೇ ದೂರದಲ್ಲಿ ಬಂಡಿ ಹೂತುಕೊಂಡು ಅರ್ಧ ದಿನ ಹೋಯಿತು. ಕೂಸು ಉಳಿಯಲಿಲ್ಲ. ಈಗ ಆಕೆ ಮತ್ತೆ ಬಸುರಿ. ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆಯ ಹೊತ್ತಿಗೇ ದಿನ ತುಂಬುವುದಿತ್ತು. ಅದರೊಳಗೆ ಮನೆಯಿಂದ ಡಾಂಬರಿನತನಕ ಗಟ್ಟಿ ದಾರಿ ಆಗಬೇಕಿತ್ತು.

ಮೇಸ್ತ್ರಿಗಳು ಬಂದು ನೆಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದರು.

"ಗೌಡ್ರ, ಇದು ಜ್ವಾಳದ ಮಣ್ಣರಿ. ಎಷ್ಟು ಗರಸು ಹಾಕಿದ್ರೂ ನುಂಗತದ. ಮೊದಲ ಇದನ್ನ ತಗೀಬೇಕು."

ಒಂದೂವರೆ ಅಡಿ ಎರೆಮಣ್ಣು ತೆಗೆಸಿದರು. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಕೊನೆಗೆ ಕಲ್ಲುಹರಳಿನ ಗರಸುಮಣ್ಣು. ನಡು ಎತ್ತರ, ಎರಡೂ ಬದಿಗೆ ಕಾಲುವೆ. ತಳದ ಕಲ್ಲನ್ನು ಯಾರಾದರೂ ಮಲಗಿಸಿದರೆ ಬೈಗುಳವೇ ಬೈಗುಳ. ನಿಲ್ಲಿಸಿ, ಒತ್ತೊತ್ತಾಗಿ ಕೂಡಿಸಬೇಕು. ಕೆಲಸ ಸಾಗುತ್ತಲೇ ಇರಲಿಲ್ಲ. ನಾನು ಒಮ್ಮೆ ಮುಗಿಲು ನೋಡುವುದು, ಒಮ್ಮೆ ನೀಲಮ್ಮನ ಮುಖ ನೋಡುವುದು. ರಾತ್ರಿ ನಿದ್ದೆಯಿಲ್ಲ.

ಮನೆ ಮುಂದಿನ ಮೂವತ್ತು ಹೆಜ್ಜೆ ಉಳಿದಿತ್ತು. ಅಣ್ಣನ ಮಗಳ ನಿಕಾಹ್ ಎಂದು ಮೇಸ್ತ್ರಿಗಳು ಎರಡು ದಿನ ಊರಿಗೆ ಹೋದರು. ಬೇಸಿಗೆಯ ಎರೆಮಣ್ಣು ಎಷ್ಟೇ ಗಟ್ಟಿ ಕಂಡರೂ ನಂಬಬಾರದೆಂದು ಹುಟ್ಟಿದಾಗಿನಿಂದ ಬಲ್ಲ ನಾನೇ, ಆಳುಗಳಿಗೆ ಹೇಳಿ ಅದರ ಮೇಲೆ ನೇರ ಗರಸು ಸುರಿಸಿ ದಮ್ಮಸು ಮಾಡಿಸಿಬಿಟ್ಟೆ. ನೋಡಲು ಏನು ಚೆಂದವಿತ್ತು ಅಂತೀರಿ!

ಮೇಸ್ತ್ರಿಗಳು ಬಂದವರೇ ಕೊಡ ತರಿಸಿದರು. ನೀರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಗುಳುಗುಳು ಎಂದು ಒಳಗೇ ಇಳಿಯಿತು. ಅವರು ನನ್ನನ್ನು ಬೈಯಲಿಲ್ಲ. ಬಾಗಿಲಲ್ಲಿ ಸೊಂಟ ಹಿಡಿದು ನಿಂತಿದ್ದ ನೀಲಮ್ಮನ ಕಡೆ ನೋಡಿದರು.

"ತಂಗೀನ ಇದರ ಮ್ಯಾಲ ಕರಕೊಂಡು ಹೋಗ್ತೀರೇನ್ರಿ?"

ನಾನು ರೇಗಿದೆ. ನಾಳೆ ಮಳೆ ಬಂದರೆ ಈ ಇದ್ದದ್ದೂ ಹೋಗುತ್ತದೆ, ಅಗೆಯಕೂಡದು ಎಂದು ಕೂಗಾಡಿದೆ. ಅವರು ಹಾರೆ ಎತ್ತಿ ತಾವೇ ಅಗೆಯತೊಡಗಿದರು. ಸ್ವಲ್ಪ ಹೊತ್ತು ಸಿಟ್ಟಿನಿಂದ ನಿಂತಿದ್ದೆ, ಆಮೇಲೆ ನಾನೂ ಸಲಿಕೆ ಹಿಡಿದೆ. ಮೂರು ದಿನ ಯಾರೂ ನೆಟ್ಟಗೆ ಉಣ್ಣಲಿಲ್ಲ. ಕೊನೆಯ ಬುಟ್ಟಿ ಗರಸು ಬೀಳುವಾಗ ಹನಿ ಶುರುವಾಗಿತ್ತು.

ಮರುದಿನ ಮಧ್ಯಾಹ್ನ ಜೋರು ಮಳೆಯಲ್ಲೇ ಬೇನೆ ಬಂತು. ನಾನು ಓಡಿಹೋಗಿ ಜೀಪು ತಂದೆ. ಡಾಂಬರು ಬಿಟ್ಟು ಒಳಗೆ ಇಳಿಸಲು ಡ್ರೈವರ್ ಒಲ್ಲೆನೆಂದ. ಹೋದ ವರ್ಷದ ಕಥೆ ಅವನಿಗೂ ಗೊತ್ತಿತ್ತು. ನನಗೆ ಅಳುವೇ ಬಂತು. ಅಷ್ಟರಲ್ಲಿ ತಲೆಗೆ ಗೋಣಿಚೀಲ ಹೊದ್ದು ಮೇಸ್ತ್ರಿಗಳು ಎದುರಿಗೆ ಬಂದರು. "ನಾ ಮುಂದ ನಡೀತೇನಿ. ನನ್ನ ಹಿಂದ ಬಾ ತಮ್ಮಾ," ಎಂದು ಅವನಿಗೆ ಹೇಳಿ, ಮನೆಬಾಗಿಲತನಕ ಜೀಪಿನ ಮುಂದೆ ನಡೆದರು. ನೀಲಮ್ಮನನ್ನು ಹತ್ತಿಸಿಕೊಂಡು ತಿರುಗುವಾಗಲೂ ಮುಂದೆ ಅವರೇ. ಗಾಲಿ ಎಲ್ಲೂ ಹೂತುಕೊಳ್ಳಲಿಲ್ಲ. ಸಂಜೆಗೆ ಜೇವರ್ಗಿ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು.

ಆರು ವರ್ಷದ ಮೇಲೆ ಒಮ್ಮೆ, ಮೇಸ್ತ್ರಿಗಳು ಯಾರದೋ ಕೈ ಹಿಡಿದುಕೊಂಡು ಬಂದರು. ಕಣ್ಣು ಪೂರ್ತಿ ಮಂಜಾಗಿತ್ತು. ಚಹಾ ಬೇಡವೆಂದು ನೀರು ಕೇಳಿದರು. ಮಗಳು ತಂಬಿಗೆ ತಂದುಕೊಟ್ಟಳು. ಕುಡಿಯಲಿಲ್ಲ. ಮನೆ ಮುಂದಿನ ದಾರಿಯ ನಡುವೆ ಸುರಿದು, ಹಾಗೇ ಕೂತರು.

"ಯಾ ಬಾಜೂಕ ಹೋತವ್ವಾ?"

ಮಗಳು ಬಗ್ಗಿ ನೋಡಿದಳು.

"ಎರಡೂ ಬಾಜೂಕ ಹೋತು, ಮುತ್ಯಾ."

ಮೇಸ್ತ್ರಿಗಳು ತಡಕಾಡಿ ಬೀಡಿ ಹಚ್ಚಿಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ.