ಏರಿನಲ್ಲಿ ಬರುವ ಸದ್ದು

ನಾನು ನಿಂತಿದ್ದುದು ಗುಡೇಕೋಟೆ ರಸ್ತೆಯ ಏರಿನ ತುದಿಯಲ್ಲಿ, ಒಂದು ಬೇವಿನ ಮರದ ಕೆಳಗೆ. ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಸೋಮವಾರ, ಬೆಳಿಗ್ಗೆ. ಬಿಸಿಲು ನನ್ನ ಬೆನ್ನಿಗಿತ್ತು. ಕಂಡದ್ದು ಸ್ಪಷ್ಟವಾಗಿಯೇ ಕಂಡಿತು. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ನಿನ್ನೆ ಕೂಡ್ಲಿಗಿಯ ಚಹಾದಂಗಡಿಯ ಮುಂದೆ ಹಳೆಯ ಜೀಪೊಂದು ಟಕಟಕ ಎನ್ನುತ್ತ ಹೋಯಿತು. ಪಕ್ಕದಲ್ಲಿದ್ದವನು, "ಕೊಟ್ರೇಶಿ ಇದ್ದಿದ್ರ ಆ ಸದ್ದು ಏನಂತ ಹಿಡೀತಿದ್ದ ನೋಡ್ರಿ. ಕುಡುದು ಜೀಪಿನ ಮುಂದ ಕುಂತು ಸತ್ತ, ಪಾಪ," ಎಂದ. ನಾನು ಚಹಾದ ಲೋಟ ಕೆಳಗಿಟ್ಟೆ.

ಕೊಟ್ರೇಶಣ್ಣ ಕೂಡ್ಲಿಗಿಯ ಮೆಕ್ಯಾನಿಕ್. ನನ್ನ ಅಕ್ಕನ ಗಂಡ ವೀರಣ್ಣನವರಿಗೆ ಚಿಕ್ಕಂದಿನ ಗೆಳೆಯ. ಭಾವ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಾರೆ. ಅವರ ಹಳೆಯ ಜೀಪಿಗೆ ಆಗ ಒಂದು ಸದ್ದು ಅಂಟಿಕೊಂಡಿತ್ತು. ನನಗೆ ಸದ್ದೆಂದರೆ ಸದ್ದು, ಅಷ್ಟೆ. ಮನೆಯಲ್ಲಿ ಮಿಕ್ಸರ್ ಕಿರುಚಿದಾಗ ಅಂಗಳಕ್ಕೆ ಹೋಗಿ ಸ್ಕೂಟರ್ ನೋಡಿ ಬಂದವನು ನಾನು. ಆದರೆ ಹರಪನಹಳ್ಳಿಯಲ್ಲಿ ಎಲ್ಲರಿಗೂ ಕಿವಿಯಿತ್ತು. ಒಬ್ಬರು ಡೀಸೆಲ್ ಕಲಬೆರಕೆ ಎಂದರು, ಒಬ್ಬರು ಎಂಜಿನ್ನೇ ಹೋಯಿತು ಎಂದರು, ಅಕ್ಕ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿದಳು. ಸದ್ದು ಹೋಗಲಿಲ್ಲ.

ಆ ಸೋಮವಾರ ಭಾವ ನನ್ನನ್ನೂ ಕರೆದುಕೊಂಡು ಜೀಪನ್ನು ಕೂಡ್ಲಿಗಿಗೆ ತಂದರು. ಕೊಟ್ರೇಶಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ. ಏನೂ ಕೇಳಲಿಲ್ಲ.

"ನಿಂತ ಗಾಡಿ ಸುಳ್ಳು ಹೇಳತೈತಿ," ಎಂದ. "ಏರು ಹತ್ತಿಸಿದ್ರ ಬಾಯಿ ಬಿಡತೈತಿ."

"ಲೇ ಕೊಟ್ರ, ನೀ ನೋಡಾದು ಎಂಜಿನ್ನೋ, ಜಾತಕಾನೋ?" ಎಂದರು ಭಾವ.

"ನಿನ್ನ ಜಾತಕ ನಂಗ ಗೊತ್ತೈತಿ. ಸುಮ್ಕ ಗಾಡಿ ಹೊಡಿ."

ದಾರಿಯಲ್ಲಿ ಮೂವರೂ ಒಂದೇ ಪೇಪರಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದೆವು. ಕೊಟ್ರೇಶಣ್ಣನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಅವನ ಮೈಯಲ್ಲಿ ಗ್ರೀಸಿನ ವಾಸನೆಯಿತ್ತು. ಬೇರೆ ಯಾವ ವಾಸನೆಯೂ ಇರಲಿಲ್ಲ.

ನಮ್ಮ ಕಡೆ ಹಳೆಯ ಜೀಪುಗಳ ಇಂಥ ಸದ್ದನ್ನು ಹಿಡಿಯುವ ರೀತಿಯೇ ಹೀಗೆ. ಬಾನೆಟ್ ಬಿಚ್ಚಿಟ್ಟು ಮೆಕ್ಯಾನಿಕ್ ಮುಂದಿನ ಮಡ್‌ಗಾರ್ಡಿನ ಮೇಲೆ ಕೂರುತ್ತಾನೆ. ಗಾಡಿ ಮೊದಲ ಗೇರಿನಲ್ಲಿ ಏರು ಹತ್ತುತ್ತದೆ. ಅವನು ಕೇಳುತ್ತಾನೆ. ಕೈ ಎತ್ತಿದರೆ ಡ್ರೈವರ್ ನಿಲ್ಲಿಸಬೇಕು. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳಲ್ಲಿ ಇದನ್ನು ಕಾಣದವರಿಲ್ಲ. ಆದರೂ ಈಗ, "ಕುಡೀಲಾರದವನು ಅಲ್ಲಿ ಯಾಕ ಕುಂತಾನು?" ಎಂದು ಕೇಳುವವರು ಅವರೇ.

"ತಮ್ಮಾ, ನೀ ಮ್ಯಾಲ ನಿಂದ್ರು. ಎದುರಿಗೆ ಲಾರಿ ಬಂದ್ರ ಕೂಗು," ಎಂದು ನನ್ನನ್ನು ಕಳಿಸಿದ. ಲಾರಿ ಬರಲಿಲ್ಲ. ಮರದ ಆಚೆ ಹನುಮಕ್ಕ ಎಂಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಜೀಪು ನಡಿಗೆಯ ವೇಗದಲ್ಲಿ ಏರಿ ಬಂತು. ಅವನ ಬಲಗೈಯಲ್ಲಿ ಸ್ಕ್ರೂಡ್ರೈವರು, ಕಿವಿ ಅದರ ಹಿಡಿಯ ಮೇಲೆ. ಎಡಗೈ ಮಡ್‌ಗಾರ್ಡಿನ ಅಂಚು ಹಿಡಿದಿತ್ತು. ಅರ್ಧ ಏರಿಗೆ ಟಕಟಕ ಶುರುವಾಯಿತು. ಅವನು ಬಗ್ಗಿ ನೋಡಿದ. ಮುಖ ಅರಳಿತು.

"ಸಿಕ್ತಲೇ ವೀರಾ! ಎಂಜಿನ್ ಚಲೋ ಐತಿ, ಅದರ ಕೆಳಗಿನ ರಬ್ಬರು ಹರದೈತಿ!"

ಎಂದವನು ಕೈ ಎತ್ತಿದ. ಎತ್ತಿದ್ದು ಎಡಗೈ, ಹಿಡಿದಿದ್ದ ಕೈ. ಭಾವ ಮಾತಾದಂತೆಯೇ ಬ್ರೇಕ್ ಒತ್ತಿದರು. ಜೀಪು ನಿಂತಿತು, ಅವನು ನಿಲ್ಲಲಿಲ್ಲ, ಮುಗ್ಗರಿಸಿ ಕೆಳಗೆ ಬಿದ್ದ. ಚಕ್ರ ಅವನನ್ನು ಮುಟ್ಟಲೇ ಇಲ್ಲ. ರಸ್ತೆಯಂಚಿನ ಕಲ್ಲು ತಲೆಗೆ ತಾಗಿತು. ಹನುಮಕ್ಕ ಓಡಿ ಬಂದು ತನ್ನ ಸೆರಗು ಹರಿದು ಕಟ್ಟಿದಳು. ಕೂಡ್ಲಿಗಿ ತಲುಪುವುದರೊಳಗೆ ಅವನ ಉಸಿರು ನಿಂತಿತ್ತು.

ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿ ನೋಡಿದ. ಎಂಜಿನ್ ಕೂರುವ ರಬ್ಬರು ಹರಿದಿತ್ತು. ಏರಿನಲ್ಲಿ ಎಂಜಿನ್ ವಾಲಿ, ಫ್ಯಾನು ಅದರ ಮುಚ್ಚಳಕ್ಕೆ ಬಡಿಯುತ್ತಿತ್ತು. ಅಂಗೈಯಗಲದ ರಬ್ಬರು.

ಕುಡಿದಿದ್ದ ಎಂಬ ಮಾತನ್ನು ಯಾರು ಹುಟ್ಟಿಸಿದರೋ ತಿಳಿಯದು. ಕೇಳಿದವರಿಗೆಲ್ಲ ನಾನು ಅಲ್ಲವೆಂದೆ. ಕೇಳುವವರಿಗಿಂತ ಹೇಳುವವರು ಹೆಚ್ಚಿದ್ದರು. ಹೋದ ವಾರ ಮಾಗಳದಿಂದ ಅವನ ಮಗಳನ್ನು ನೋಡಲು ಬಂದವರು ಈ ಮಾತು ಕಿವಿಗೆ ಬಿದ್ದು ಎದ್ದು ಹೋದರು. ಅವನ ಹೆಂಡತಿ ಗಂಗಮ್ಮ ನನ್ನನ್ನು ಕರೆಸಿ, "ನಿಮ್ಮ ಮಾತು ಯಾರೂ ನಂಬವಲ್ರು, ವೀರಣ್ಣನ ಹೆಂಡ್ತಿ ತಮ್ಮ ಅಷ್ಟ ಅಂತಾರ. ಗಾಡಿ ಹೊಡದ ವೀರಣ್ಣ ಹೇಳಿದ್ರ ನಂಬ್ತಾರ," ಎಂದಳು.

ನಿನ್ನೆ ಚಹಾ ಅಲ್ಲೇ ಬಿಟ್ಟು ಹರಪನಹಳ್ಳಿ ಬಸ್ಸು ಹತ್ತಿದೆ. ಭಾವ ಒಬ್ಬರೇ ಕೂತಿದ್ದರು.

"ಮಾಗಳಕ್ಕ ಹೋಗಿ ನೀವ ಹೇಳ್ರಿ ಭಾವ."

"ಏನಂತ ಹೇಳ್ಲೋ? ಅವ ಕುಡಿದಿರ್ಲಿಲ್ಲ ಅಂದ್ರ ತಪ್ಪಿಗೆ ಉಳಿಯೋನು ನಾನ ಅಲ್ಲೇನು?"

"ಅವ ಕೈ ಎತ್ತಿದ, ನೀವು ನಿಲ್ಲಿಸಿದ್ರಿ. ಹಂಗ ಮಾತಾಗಿತ್ತು."

ಅವರು ಬ್ರೇಕ್ ಒತ್ತಿದ ತಮ್ಮ ಬಲಗಾಲನ್ನು ನೋಡುತ್ತ ಕೂತರು. ಕುಡಿದಿದ್ದನೆಂಬ ಮಾತನ್ನು ಅವರೇ ಸತ್ತವನ ಮೇಲೆ ಹಾಕಲಿಲ್ಲ. ಹಾಕಿದವರನ್ನು ತಡೆಯಲೂ ಇಲ್ಲ. ಅವರ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ಆ ಹುಡುಗಿ ಅದರ ಭಾರದ ಕೆಳಗೆ ಬದುಕಬೇಕಾಗಿಲ್ಲ. ಅದಕ್ಕೇ ಇದನ್ನು ಬರೆದೆ. ಭಾವನೊಡನೆ ನನ್ನ ಮಾತು ಇನ್ನು ಮೊದಲಿನಂತಿರದು.

ಮಾಗಳದವರು ನನ್ನನ್ನು ನಂಬದಿದ್ದರೆ ಬೇರೆಯವರನ್ನು ಕೇಳಬಹುದು. ಅಂದು ಆ ಏರಿನಲ್ಲಿ ಎಲ್ಲವನ್ನೂ ಕಂಡು ಇಂದಿಗೂ ಬದುಕಿರುವವರು ನನ್ನ ಹೊರತು ಇಬ್ಬರು: ಗುಡೇಕೋಟೆಯ ಕುರಿ ಕಾಯುವ ಹನುಮಕ್ಕ, ಮತ್ತು ನನ್ನ ಭಾವ ವೀರಣ್ಣ.