ಘಟ್ಟದಲ್ಲಿ ನಿದ್ದೆ

ಯಲ್ಲಾಪುರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಆರು ಮಂದಿಯಿಂದ ಶುರುವಾದ ಸಾಫ್ಟ್‌ವೇರ್ ಕಂಪನಿ ಅದು. ಎಲ್ಲಿಂದ ಎಲ್ಲಿಗೆ, ಯಾವ ಸರಕು ಎಂಬ ಟ್ರಿಪ್ ಚೀಟಿಯನ್ನು ಲಾರಿ ಚಾಲಕರು ಮೊಬೈಲಿನಲ್ಲೇ ತುಂಬುವ ಆ್ಯಪ್ ಅವರದ್ದು. ಆ ಆರರಲ್ಲಿ ನೀಲಾ ಒಬ್ಬಳು. ಆ್ಯಪ್ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ ಅವಳದ್ದು; ಅದನ್ನು ಕುರ್ಚಿಯಲ್ಲಿ ಕೂತು ಮಾಡಿದವಳಲ್ಲ ಪುಣ್ಯಾತ್ಗಿತ್ತಿ. ಶುಕ್ರವಾರ ಬಂತೆಂದರೆ ಅಂಕೋಲೆ ಬಸ್ಸಿನ ಕಿಟಕಿ ಪಕ್ಕ ಎರಡು ಮೊಬೈಲು ಹಿಡಿದು ಕೂರುತ್ತಿದ್ದಳು. ಅರಬೈಲ್ ಘಟ್ಟದಲ್ಲಿ ನೆಟ್‌ವರ್ಕ್ ಎಲ್ಲಿ ಹೋಯಿತು, ಎಲ್ಲಿ ಬಂತು, ಚೀಟಿ ಏನಾಯಿತು ಎಂದು ಮೊಬೈಲು ಮುಟ್ಟಿ ಮುಟ್ಟಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಯಾರ ಫೋನೂ ಬಾರದ ಆ ಹೊತ್ತಿನಲ್ಲಿ ಕಾಡಿನ ಹಸಿರು ಕಿಟಕಿಯಿಂದ ಒಳಗೇ ಹರಿದು ಬರುತ್ತಿತ್ತು. ವಾರವಿಡೀ ಅವಳು ಬದುಕುತ್ತಿದ್ದುದೇ ಅದಕ್ಕೆ ಅನ್ನಿ.

ಮೂರು ವರ್ಷಕ್ಕೆ ಆರು ಅರವತ್ತಾಯಿತು. ಅರ್ಧಕ್ಕರ್ಧ ಕೋಡನ್ನು ಎಐ ಬರೆಯತೊಡಗಿತು. ತಿಂಗಳಿಗೊಮ್ಮೆ ಬರುತ್ತಿದ್ದ ಹೊಸ ಆವೃತ್ತಿ ದಿನಾ ಬರತೊಡಗಿತು. ಇನ್ನು ಶುಕ್ರವಾರದ ತನಕ ಕಾಯುವವರು ಯಾರು?

ಕಂಪನಿ ಕಟ್ಟಿದ ಸುಮಂತ ಮೆತ್ತಗೆ ಹೇಳಿದ: “ಅಕ್ಕಾ, ಇನ್ನು ಬಸ್ಸಿಗೆ ಹೋಪದು ಬ್ಯಾಡ. ಘಟ್ಟದ್ದು ಎಂತೆಂತ ಗೊತ್ತಿದ್ದೋ ಎಲ್ಲಾ ಬರದುಕೊಡು, ಮಶೀನೇ ನೋಡ್ತು. ನೀನು ಎಂಟು ಜನಕ್ಕೆ ಲೀಡ್.”

ಒಂದೊಂದು ತಿರುವನ್ನೂ ಬರೆದುಕೊಟ್ಟಳು. ಮರುದಿನ ಯಂತ್ರ ಕೂತಲ್ಲೇ ಅವಳ ಘಟ್ಟವನ್ನು ಹನ್ನೊಂದು ಸೆಕೆಂಡಿನಲ್ಲಿ ಇಳಿದು ಸರಿ ಗುರುತು ಹಾಕಿತು. ಬಡ್ತಿಗೆಂದು ಎಲ್ಲರೂ ಕೈಕುಲುಕಿದರು. ನೀಲಾಗೆ ಮಾತ್ರ ಒಂದೇ ಕೊರಗು, ನನ್ನ ಶುಕ್ರವಾರವನ್ನು ನನ್ನ ಕೈಯಾರೆ ಕೊಟ್ಟುಬಿಟ್ಟೆನಲ್ಲ ಎಂದು.

ಮುಂದಿನ ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿದಳು. ಕೈ ಸುಮ್ಮನಿರಬೇಕಲ್ಲ, ಚೀಟಿ ತುಂಬಿ ಮೊಬೈಲನ್ನು ಮಡಿಲಲ್ಲಿಟ್ಟಳು. ಕಾಯುವ ಕೆಲಸವಿರಲಿಲ್ಲ. ಮಂಜು ಕಿಟಕಿಗೆ ಅಂಟಿತು, ಬಸ್ಸು ತೊಟ್ಟಿಲಿನಂತೆ ತೂಗಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಘಟ್ಟದಲ್ಲಿ ನಿದ್ದೆ ಹತ್ತಿತು. ಕನಸಿನಲ್ಲಿ, ಅವಳು ಬರೆದುಕೊಟ್ಟ ತಿರುವುಗಳು ಒಂದೊಂದಾಗಿ ಹಾಳೆಯಿಂದ ಎದ್ದು ಕಾಡಿಗೆ ನಡೆಯುತ್ತಿದ್ದವು.

ಅಂಕೋಲೆಯಲ್ಲಿ ಕಣ್ಣು ಬಿಟ್ಟರೆ ಚೀಟಿ ಖಾಲಿ. ನೆಟ್‌ವರ್ಕ್ ಇಲ್ಲದ ಕಡೆ ಯಾರೂ ಮುಟ್ಟದೆ ಅಷ್ಟು ಹೊತ್ತು ಬಿಟ್ಟರೆ ಆ್ಯಪ್ ಎಲ್ಲವನ್ನೂ ಅಳಿಸಿಬಿಡುತ್ತಿತ್ತು. ಲಾರಿ ಓಡಿಸುವ ಕೆರಿಯನಿಗೆ ಫೋನು ಮಾಡಿದಳು.

“ಘಟ್ಟದಲ್ಲಿ ಲಾರಿ ನಿಲ್ಲಿಸಿ ಮಲಗೋರು ಇದ್ದಾರಾ ಕೆರಿಯಾ?”

“ಎಲ್ಲರೂ ಮಲಗ್ತಾರೆ ಅಮ್ಮಾ. ಎದ್ದು ಚೀಟಿ ಮತ್ತೆ ತುಂಬೂದು. ಅದು ಹಂಗೇ ಇರೂದು ಅಂದ್ಕಂಡಿದ್ವಿ.”

ಸೋಮವಾರ ಸುಮಂತನಿಗೆ ಎಲ್ಲವನ್ನೂ ತೋರಿಸಿ ಅವಳು ಹೇಳಿದ್ದಿಷ್ಟೇ: “ಯಂಗೆ ನಿದ್ದೆ ಬಂದೋತು. ನಿನ್ನ ಮಶೀನಿಗೆ ಬತ್ತಿಲ್ಲೆ.”

ಸುಮಂತ ಅಲ್ಲೇ ಲ್ಯಾಪ್‌ಟಾಪು ತೆರೆದ. ಈಗ ಅರವತ್ತು ಮಂದಿಯೂ ನೋಡುವ ಕಂಪನಿಯ ಕ್ಯಾಲೆಂಡರಿನಲ್ಲಿ ಪ್ರತಿ ಶುಕ್ರವಾರದ ಎದುರು ಹೀಗೆ ಬರೆದಿದೆ: ನೀಲಕ್ಕ, ಅಂಕೋಲೆ ಬಸ್ಸು, ನಿದ್ದೆ.